ಹಳೆ ಅಡುಗೆ ಕಟ್ಟೆಗೆ ಬಣ್ಣ: ಹಕ್ಕಳೆ ಏಳದಂತೆ ಹಚ್ಚುವ ಕ್ರಮ

ಅಡುಗೆ ಕಟ್ಟೆಗೆ ಹಚ್ಚಿದ ಬಣ್ಣ ಎರಡು ಮೂರು ತಿಂಗಳಲ್ಲೇ ಸಿಂಕಿನ ಅಂಚಿನಿಂದ ಹಕ್ಕಳೆ ಏಳುತ್ತದೆ. ಒಲೆಯ ಸುತ್ತ ಮೆತ್ತಗಾಗಿ ಕರೆಗಟ್ಟುತ್ತದೆ. ಆಗ ಹೆಚ್ಚಿನವರು ಬಣ್ಣದ ಕಂಪನಿಯನ್ನು ಬೈದು ಇನ್ನೂ ದುಬಾರಿ ಡಬ್ಬಿ ತರುತ್ತಾರೆ, ಅದೂ ಹಾಗೇ ಏಳುತ್ತದೆ. ಹೆಚ್ಚಿನ ಕಡೆ ಕೆಲಸ ಕೆಡುವುದು ಡಬ್ಬಿ ತೆರೆಯುವ ಮೊದಲೇ: ಎಣ್ಣೆ ಪೂರ್ತಿ ಹೋಗಿರುವುದಿಲ್ಲ, ಕಟ್ಟೆಯ ಒಳಗಿನ ತೇವ ಯಾರೂ ನೋಡಿರುವುದಿಲ್ಲ, ಮೇಲಿನ ಹೊಳಪು ಉಜ್ಜಿರುವುದಿಲ್ಲ. ಅದಕ್ಕೇ ಈ ಬರಹದ ಅರ್ಧ ಭಾಗ ಬಣ್ಣಕ್ಕೆ ಮುಂಚಿನ ಕೆಲಸಕ್ಕೇ ಹೋಗಿದೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಹಂತ 1: ನಿಮ್ಮ ಕಟ್ಟೆ ಯಾವುದರದ್ದು?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳೆ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇವು: ಕಡಪಾ ಕಲ್ಲು, ಶಹಾಬಾದ್ ಫರ್ಸಿ, ಸಿಮೆಂಟ್ ಅಥವಾ ಕೆಂಪು ಆಕ್ಸೈಡ್ ಗಿಲಾವು, ಬಿಳಿ ಗ್ಲೇಜ್ ಟೈಲ್ಸ್, ಗ್ರಾನೈಟ್, ಪ್ಲೈವುಡ್ ಮೇಲೆ ಸನ್‌ಮೈಕಾ.

ಕಲ್ಲು ಯಾವುದೆಂದು ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡು ಹನಿ ನಿಂಬೆರಸ ಹಾಕಿ ಹತ್ತು ನಿಮಿಷ ಬಿಡಿ. ಸಣ್ಣ ಗುಳ್ಳೆ ಕಂಡರೆ, ಅಥವಾ ಒರೆಸಿದ ಮೇಲೆ ಅಷ್ಟು ಜಾಗ ಮಂಕಾಗಿ ಉಳಿದರೆ ಅದು ಸುಣ್ಣದ ಜಾತಿಯ ಕಲ್ಲು. ಕಡಪಾ, ಶಹಾಬಾದ್ ಎರಡೂ ಈ ಜಾತಿಯವೇ. ಗ್ರಾನೈಟಿಗೆ ಏನೂ ಆಗುವುದಿಲ್ಲ. ಸ್ವಚ್ಛ ಮಾಡುವಾಗ ಯಾವುದಕ್ಕೆ ಹುಳಿ ಪದಾರ್ಥ ಮುಟ್ಟಿಸಬಾರದು ಎಂಬುದು ಈ ಪರೀಕ್ಷೆಯಿಂದಲೇ ಗೊತ್ತಾಗುತ್ತದೆ.

ಬಣ್ಣ ಚೆನ್ನಾಗಿ ಹಿಡಿಯುವುದು ಸಿಮೆಂಟ್, ಆಕ್ಸೈಡ್, ಟೈಲ್ಸ್ ಮತ್ತು ಗಟ್ಟಿಯಾಗಿ ಅಂಟಿಕೊಂಡಿರುವ ಸನ್‌ಮೈಕಾಕ್ಕೆ. ಶಹಾಬಾದ್ ಫರ್ಸಿಗೂ ಹಿಡಿಯುತ್ತದೆ, ಆದರೆ ಅದು ಎಣ್ಣೆ ಕುಡಿದಿರಬಾರದು.

ಪಾಲಿಶ್ ಮಾಡಿದ ಗ್ರಾನೈಟಿಗೆ ಬಣ್ಣ ಹಚ್ಚಬೇಡಿ. ಇಳಕಲ್ಲಿನ ಕೆಂಪು ಗ್ರಾನೈಟ್ ಎಷ್ಟೇ ಹಳೆಯದಾದರೂ ಯಂತ್ರ ತಂದು ಮತ್ತೆ ಪಾಲಿಶ್ ಮಾಡಿಸಿದರೆ ಬಣ್ಣಕ್ಕಿಂತ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಕಡಪಾ ಕಲ್ಲು ಕಪ್ಪಗೆ ಹೊಳೆಯಲಿ ಎಂದು ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ತಿಕ್ಕಿದ್ದರೆ ಅದಕ್ಕೂ ಬಣ್ಣದ ಆಸೆ ಬಿಡಿ. ಎಣ್ಣೆ ಕಲ್ಲಿನೊಳಗೇ ಇಳಿದಿರುತ್ತದೆ, ಮೇಲೆ ಎಷ್ಟು ತೊಳೆದರೂ ಒಳಗಿನಿಂದ ಮತ್ತೆ ಮೇಲೆ ಬರುತ್ತದೆ. ಸನ್‌ಮೈಕಾ ಉಬ್ಬಿದ್ದರೆ, ಒತ್ತಿದಾಗ ಪ್ಲೈವುಡ್ ಮೆತ್ತಗೆ ಹತ್ತಿದರೆ, ಹಲಗೆ ಬದಲಿಸುವುದೊಂದೇ ದಾರಿ.

## ಹಂತ 2: ರೊಟ್ಟಿ ಬಡಿಯುವ ಜಾಗ ಮೊದಲೇ ಗುರುತು ಮಾಡಿ

ಇದನ್ನು ಬಿಟ್ಟವರೇ ಹೆಚ್ಚು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಜೋಳದ ರೊಟ್ಟಿಯನ್ನು ಕಟ್ಟೆಯ ಮೇಲೇ ಬಡಿಯುತ್ತಾರೆ, ಹಿಟ್ಟನ್ನೂ ಅಲ್ಲೇ ಬಿಸಿನೀರು ಹಾಕಿ ನಾದುತ್ತಾರೆ. ದಿನಕ್ಕೆ ಹತ್ತು ಹದಿನೈದು ರೊಟ್ಟಿ ಒಂದೇ ಕಡೆ ಬಡಿದರೆ ಯಾವ ಬಣ್ಣವೂ ತಾಳುವುದಿಲ್ಲ. ಬಣ್ಣ ತಾಳುತ್ತದೆಯೋ ಇಲ್ಲವೋ ಎನ್ನುವುದಕ್ಕಿಂತ ದೊಡ್ಡ ಮಾತು, ಈ ಬಣ್ಣಗಳು ಆಹಾರಕ್ಕೆ ನೇರ ತಾಗುವಂಥವಲ್ಲ. ಸವೆದ ಬಣ್ಣ ಹಿಟ್ಟಿನಲ್ಲಿ ಸೇರಬಾರದು.

ದಾರಿ ಎರಡು. ರೊಟ್ಟಿ ಬಡಿಯುವ ಎರಡು ಅಡಿ ಜಾಗವನ್ನು ಟೇಪ್ ಹಚ್ಚಿ ಹಾಗೇ ಬಿಡಬಹುದು. ಇಲ್ಲವೇ ಗ್ರಾನೈಟ್ ಅಂಗಡಿಯಲ್ಲಿ ಉಳಿದ ತುಂಡೊಂದನ್ನು ಎರಡು ಅಡಿ ಅಗಲ, ಒಂದೂವರೆ ಅಡಿ ಆಳಕ್ಕೆ ಕೊಯ್ಯಿಸಿ, ಅಂಚು ನಯ ಮಾಡಿಸಿ, ಕೆಳಗೆ ನಾಲ್ಕು ರಬ್ಬರ್ ಗುಂಡಿ ಅಂಟಿಸಿ ಕಟ್ಟೆಯ ಮೇಲಿಡಿ. ಎರಡನೆಯದೇ ಒಳ್ಳೆಯದು. ನೋಡಲು ಚೆಂದ, ಮತ್ತು ತರಕಾರಿ ಹೆಚ್ಚಲೂ ಅದೇ ಆಗುತ್ತದೆ.

## ಹಂತ 3: ದಿನ ಆರಿಸಿ, ಒಲೆ ಹೊರಗೆ ಹಾಕಿ

ಕೆಲಸಕ್ಕೆ ಆರು ದಿನ, ಆಮೇಲೆ ಮುಟ್ಟದೆ ಬಿಡಲು ಮೂರು ದಿನ. ಅಷ್ಟು ದಿನ ಹಿತ್ತಲಲ್ಲೋ ಪಡಸಾಲೆಯಲ್ಲೋ ಅಡುಗೆ ಆಗಬೇಕು. ಹಬ್ಬದ ವಾರ, ಮನೆಗೆ ಬೀಗರು ಬರುವ ವಾರ ಇದಕ್ಕೆ ಕೈ ಹಾಕಬೇಡಿ. ಅವಸರದಲ್ಲಿ ಎರಡನೇ ದಿನವೇ ಕುಕ್ಕರ್ ಇಟ್ಟು ಕೆಡಿಸಿಕೊಂಡ ಕಟ್ಟೆಗಳಿಗೆ ಲೆಕ್ಕವಿಲ್ಲ.

ಬೆಳಗಾವಿ, ಖಾನಾಪುರ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವ ತುಂಬಿರುತ್ತದೆ, ಗೋಡೆ ಒಣಗುವಷ್ಟರಲ್ಲಿ ಅಕ್ಟೋಬರ್ ಆಗಿರುತ್ತದೆ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಬೆಳಿಗ್ಗೆ ತಣ್ಣಗಿದ್ದರೆ ಹತ್ತು ಗಂಟೆಯ ಮೇಲೆ ಶುರು ಮಾಡಿ. ವಿಜಯಪುರ, ಬಾಗಲಕೋಟೆಯಲ್ಲಿ ತೊಂದರೆ ಬೇರೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಕಲಸಿದ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಬಣ್ಣ) ರೋಲರ್‌ನಲ್ಲೇ ಗಟ್ಟಿಯಾಗುತ್ತದೆ, ಜೊತೆಗೆ ಮಧ್ಯಾಹ್ನದ ಗಾಳಿಗೆ ಧೂಳು. ಅಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿ ಸರಿ.

ಸಿಲಿಂಡರ್ ಮತ್ತು ಒಲೆ ಅಡುಗೆಮನೆಯಿಂದ ಪೂರ್ತಿ ಹೊರಗೆ ಹೋಗಬೇಕು. ಫ್ರಿಜ್ ಇದ್ದರೆ ಪ್ಲಗ್ ತೆಗೆಯಿರಿ, ಅದರ ಕಂಪ್ರೆಸರ್ ಶುರುವಾಗುವಾಗಿನ ಕಿಡಿ ಥಿನ್ನರ್ ಆವಿಗೆ ಸಾಕು. ದೇವರ ಮೂಲೆ ಅಡುಗೆಮನೆಯಲ್ಲೇ ಇದ್ದರೆ ಅಷ್ಟು ದಿನ ದೇವರನ್ನು ಬೇರೆ ಕೋಣೆಗೆ ಸಾಗಿಸಿ ಅಲ್ಲೇ ದೀಪ ಹಚ್ಚಿ.

## ಬೇಕಾಗುವ ಸಾಮಾನು

ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಟ್ಟೆ ಎಂದರೆ 20 ಚದರ ಅಡಿ. ಕಟ್ಟೆಯ ಮುಂದಿನ ಅಂಚಿನ ಪಟ್ಟಿ ಮತ್ತು ಸಂದಿಗಳನ್ನು ಸೇರಿಸಿ 25 ಎಂದು ಹಿಡಿಯಿರಿ, ಅಂದರೆ ಸುಮಾರು 2.3 ಚದರ ಮೀಟರ್. ಇದಕ್ಕೆ:

- ಎರಡು ಡಬ್ಬಿಯ (ರೆಸಿನ್, ಹಾರ್ಡನರ್ ಎಂಬ ಎರಡು ಭಾಗ ಬೆರೆಸಿ ಹಚ್ಚುವ) ಎಪಾಕ್ಸಿ ಪ್ರೈಮರ್, ಒಂದು ಕೋಟ್‌ಗೆ ಸುಮಾರು 300 ಮಿಲಿ
- ಎರಡು ಡಬ್ಬಿಯ ಎಪಾಕ್ಸಿ ಬಣ್ಣ, ಎರಡು ಕೋಟ್‌ಗೆ ಸುಮಾರು 600 ಮಿಲಿ
- ಎರಡು ಡಬ್ಬಿಯ ಪಿಯು ಕ್ಲಿಯರ್ (ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಪಾಲಿಯುರೆಥೇನ್), ಎರಡು ಕೋಟ್‌ಗೆ ಸುಮಾರು 500 ಮಿಲಿ
- ಎಪಾಕ್ಸಿಯ ಥಿನ್ನರ್, ಪಿಯುವಿನ ಥಿನ್ನರ್, ಎರಡೂ ಬೇರೆ ಬೇರೆ
- 4 ಇಂಚಿನ ಗಿಡ್ಡ ಕೂದಲಿನ ರೋಲರ್, ಪ್ರತಿ ಕೋಟ್‌ಗೂ ಒಂದು ಹೊಸದು. 1 ಇಂಚಿನ ಬ್ರಷ್
- ಕಪ್ಪು ವಾಟರ್ ಪೇಪರ್: 80, 120, 220, 320 ನಂಬರ್
- ಎಂ-ಸೀಲ್, ಪುಟ್ಟಿ ಪಟ್ಟಿ, ಕಾಗದದ ಟೇಪ್
- ವಾಷಿಂಗ್ ಸೋಡಾ, ಗಟ್ಟಿ ಬ್ರಷ್, ಹಳೆ ಹತ್ತಿ ಅರಿವೆ
- ನೈಟ್ರೈಲ್ ಕೈಗವಸು, ಕನ್ನಡಕ, ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್

ಖರ್ಚು ಉಳಿಸುವ ಜಾಗ ಯಾವುದು? ಎಪಾಕ್ಸಿ, ಪಿಯು ಸಾಮಾನ್ಯವಾಗಿ ಲೀಟರ್ ಅಥವಾ ಅದಕ್ಕಿಂತ ದೊಡ್ಡ ಪ್ಯಾಕಿನಲ್ಲಿ ಸಿಗುತ್ತವೆ, ನಿಮಗೆ ಬೇಕಾದ್ದು ಅದರ ಅರ್ಧ. ಪಕ್ಕದ ಮನೆಯವರದ್ದೂ ಇದೇ ಕೆಲಸವಿದ್ದರೆ ಒಂದೇ ಪ್ಯಾಕ್ ಇಬ್ಬರಿಗೆ ಆಗುತ್ತದೆ. ತಿಕ್ಕುವ, ಉಜ್ಜುವ ಕೂಲಿ ನೀವೇ ಮಾಡಿದರೆ ಉಳಿಯುತ್ತದೆ. ಉಳಿಸಬಾರದ್ದು ಮೇಲಿನ ಪಿಯು ಕ್ಲಿಯರ್, ರೋಲರ್ ಮತ್ತು ಮಾಸ್ಕ್. ಅಗ್ಗದ ಸ್ಪಂಜ್ ರೋಲರ್ ಥಿನ್ನರ್‌ಗೆ ಊದಿಕೊಂಡು ಚೂರು ಚೂರಾಗಿ ಬಣ್ಣದಲ್ಲಿ ಅಂಟುತ್ತದೆ.

ಬಾಗಿಲಿಗೆ ಹಚ್ಚುವ ಆಯಿಲ್ ಎನಾಮಲ್ ಅಗ್ಗವೆಂದು ಕಟ್ಟೆಗೆ ತರಬೇಡಿ. ಅದು ಬಿಸಿ ಪಾತ್ರೆಗೆ ಮೆತ್ತಗಾಗುತ್ತದೆ, ಹಳದಿಗೆ ತಿರುಗುತ್ತದೆ. ಗೋಡೆಯ ಡಿಸ್ಟೆಂಪರ್, ಇಮಲ್ಷನ್ ಮಾತು ಎತ್ತುವುದೇ ಬೇಡ.

## ಹಂತ 4: ಎಣ್ಣೆ ತೆಗೆಯುವುದು

ಇದೇ ಇಡೀ ಕೆಲಸದ ಜೀವಾಳ. ಒಗ್ಗರಣೆಯ ಹಬೆ ಕಟ್ಟೆಯ ಮೇಲೆ ಕೂತು ಕೂತು ಪದರವಾಗಿರುತ್ತದೆ. ಕುಸುಬಿ ಎಣ್ಣೆ ಬಳಸುವ ಮನೆಗಳಲ್ಲಿ ಇದು ಇನ್ನೂ ಹಟಮಾರಿ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ವಾರ್ನಿಶ್ ತರಹ ಗಟ್ಟಿಯಾಗುವ ಗುಣದ್ದು. ಒಲೆಯ ಹಿಂದೆ ಉಗುರಿನಿಂದ ಕೆರೆದರೆ ಹಳದಿ ಮೇಣದಂತೆ ಉಗುರಿನಲ್ಲಿ ಬರುತ್ತದಲ್ಲ, ಅದೇ ಅದು. ಪಾತ್ರೆ ತೊಳೆಯುವ ಸೋಪಿಗೆ ಅದು ಹೋಗುವುದಿಲ್ಲ.

ಸಿಂಕಿನ ಸುತ್ತ ಸಂದಿ ಮುಚ್ಚಿದ ರಬ್ಬರಿನಂಥ ಹಳೆ ಸಿಲಿಕೋನನ್ನು ಬ್ಲೇಡಿನಿಂದ ಒಂದು ಎಳೆಯೂ ಉಳಿಯದಂತೆ ಕೊಯ್ದು ತೆಗೆಯಿರಿ. ಸಿಲಿಕೋನ್ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಆಮೇಲೆ ದಪ್ಪ ಜಿಡ್ಡನ್ನು ಪುಟ್ಟಿ ಪಟ್ಟಿಯಿಂದ ಕೆರೆಯಿರಿ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಕಲಸಿ, ಕೈಗವಸು ಹಾಕಿಕೊಂಡು ಕಟ್ಟೆಗೆಲ್ಲ ಹಚ್ಚಿ, ಹದಿನೈದು ನಿಮಿಷ ನೆನೆಯಲು ಬಿಟ್ಟು ಗಟ್ಟಿ ಬ್ರಷ್‌ನಿಂದ ತಿಕ್ಕಿ. ಒಲೆಯ ಜಾಗಕ್ಕೆ ಎರಡು ಸಲ, ಬೇಕಾದರೆ ಮೂರು ಸಲ. ಪ್ರತಿ ಸಲವೂ ಬರೀ ನೀರಿನಿಂದ ತೊಳೆಯಿರಿ. ಕೊನೆಗೆ ಮೂರು ಸಲ ನೀರು ಬದಲಿಸಿ ಒರೆಸಿ, ಸೋಡಾ ಉಳಿದರೂ ಬಣ್ಣ ಏಳುತ್ತದೆ.

ನಳದ ಬುಡದಲ್ಲಿ ಬೋರ್ ನೀರಿನ ಬಿಳಿ ಪದರ ಕಟ್ಟಿರುತ್ತದೆ. ಟೈಲ್ಸ್ ಮತ್ತು ಸನ್‌ಮೈಕಾದ ಮೇಲಾದರೆ ವಿನೆಗರ್ ಅದ್ದಿದ ಅರಿವೆಯನ್ನು ಅರ್ಧ ಗಂಟೆ ಹೊದಿಸಿಟ್ಟು ತಿಕ್ಕಿ ತೊಳೆಯಿರಿ. ಕಡಪಾ, ಶಹಾಬಾದ್, ಸಿಮೆಂಟ್ ಮೇಲೆ ವಿನೆಗರ್ ಬೇಡ, ಕಲ್ಲನ್ನೇ ತಿನ್ನುತ್ತದೆ. ಅಲ್ಲಿ ಪಟ್ಟಿಯಿಂದ ಕೆರೆದು 80 ನಂಬರ್ ಪೇಪರ್ ಉಜ್ಜಿ. ಬಚ್ಚಲು ತೊಳೆಯುವ ಆಸಿಡ್ಡನ್ನಂತೂ ಯಾವ ಕಟ್ಟೆಗೂ ತರಬೇಡಿ.

ನೀರಿನ ಹನಿ ಪರೀಕ್ಷೆ: ಒಣಗಿದ ಮೇಲೆ ಒಲೆಯ ಹಿಂದೆ, ಸಿಂಕಿನ ಬದಿ, ಮುಂದಿನ ಪಟ್ಟಿ, ಮೂರೂ ಕಡೆ ಬೆರಳಿನಿಂದ ನೀರಿನ ಹನಿ ಬಿಡಿ. ಹನಿ ಮುತ್ತಿನಂತೆ ದುಂಡಗೆ ನಿಂತರೆ ಎಣ್ಣೆ ಇನ್ನೂ ಇದೆ, ಮತ್ತೆ ತಿಕ್ಕಿ. ಹರಡಿಕೊಂಡರೆ, ಸಿಮೆಂಟಾದರೆ ಒಂದು ನಿಮಿಷದೊಳಗೆ ಒಳಗಿಳಿದರೆ, ಮುಂದಿನ ಹಂತಕ್ಕೆ ಹೋಗಬಹುದು.

## ಹಂತ 5: ತೇವದ ಪರೀಕ್ಷೆ

ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಿಂಕಿನ ಹತ್ತಿರ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, 24 ಗಂಟೆ ಬಿಡಿ. ತೆಗೆದಾಗ ಒಳಗೆ ಬೆವರಿದ್ದರೆ ಅಥವಾ ಕಟ್ಟೆಯ ಬಣ್ಣ ಅಷ್ಟೇ ಜಾಗದಲ್ಲಿ ಕಪ್ಪಾಗಿದ್ದರೆ ಕೆಳಗಿನಿಂದ ನೀರು ಏರುತ್ತಿದೆ. ಸಿಂಕಿನ ಪೈಪ್ ಸೋರುತ್ತಿರಬಹುದು, ಗೋಡೆಯ ಆಚೆ ಬಚ್ಚಲಿರಬಹುದು. ಅದನ್ನು ಸರಿಪಡಿಸಿ, ಒಣಗಿಸಿ, ಮತ್ತೆ ಪರೀಕ್ಷಿಸಿ. ಸೋರಿಕೆ ಬಿಟ್ಟು ಬಣ್ಣ ಹಚ್ಚಿದರೆ ಮೊದಲ ಮಳೆಗಾಲಕ್ಕೇ ಬೊಬ್ಬೆ ಏಳುತ್ತದೆ.

## ಹಂತ 6: ಬಿರುಕು ತುಂಬಿ, ಉಜ್ಜಿ

ಸಣ್ಣ ಬಿರುಕು, ಕಿತ್ತ ಅಂಚು, ಟೈಲ್ಸ್ ಸಂದಿಗೆ ಎಂ-ಸೀಲ್ ಎರಡೂ ಭಾಗ ಸಮನಾಗಿ ಒಂದೇ ಬಣ್ಣ ಬರುವವರೆಗೆ ನಾದಿ ತುಂಬಿ. ಒದ್ದೆ ಬೆರಳಿನಿಂದ ಸವರಿ, ರಾತ್ರಿಯಿಡೀ ಬಿಡಿ. ದೊಡ್ಡ ಹೊಂಡವಿದ್ದು ಗೌಂಡಿಯನ್ನು ಕರೆಸಿ ಹೊಸ ಸಿಮೆಂಟ್ ಹಾಕಿಸಿದರೆ 28 ದಿನ ಕಾಯಲೇಬೇಕು. ಹಸಿ ಸಿಮೆಂಟಿನ ಕ್ಷಾರ ಮತ್ತು ನೀರು ಪ್ರೈಮರನ್ನು ಎಬ್ಬಿಸುತ್ತವೆ.

ಉಜ್ಜುವುದು ನೀರು ಹಾಕಿಯೇ. ಒಣ ಉಜ್ಜಿದರೆ ಏಳುವ ಸಿಮೆಂಟ್, ಟೈಲ್ಸ್ ಪುಡಿ ಪುಪ್ಪುಸಕ್ಕೆ ಕೆಟ್ಟದ್ದು. ಸಿಮೆಂಟ್ ಮತ್ತು ಟೈಲ್ಸಿಗೆ 80, ಸನ್‌ಮೈಕಾಕ್ಕೆ 120. ಸನ್‌ಮೈಕಾಕ್ಕೆ ನೀರು ಕಡಿಮೆ, ಅಂಚಿನಿಂದ ಒಳಗಿಳಿದರೆ ಹಲಗೆ ಊದುತ್ತದೆ. ಎಲ್ಲಿಯವರೆಗೆ ಉಜ್ಜಬೇಕು? ಟಾರ್ಚನ್ನು ಕಟ್ಟೆಗೆ ಮಲಗಿಸಿ ಹಿಡಿಯಿರಿ. ಒಂದು ಚುಕ್ಕೆ ಹೊಳಪೂ ತಿರುಗಿ ಕಣ್ಣಿಗೆ ಬೀಳಬಾರದು, ಇಡೀ ಕಟ್ಟೆ ಸ್ಲೇಟಿನಷ್ಟು ಮಂಕಾಗಿರಬೇಕು. ಟೈಲ್ಸಿನ ಗ್ಲೇಜ್ ತುಂಬ ಗಟ್ಟಿ, ಅದಕ್ಕೆ ಎರಡು ತಾಸು ಹಿಡಿದರೂ ಬೇಸರ ಬೇಡ.

ತೊಳೆದು ಒಂದು ಹಗಲು ಒಣಗಿಸಿ. ಕೊನೆಗೆ ಎಪಾಕ್ಸಿ ಥಿನ್ನರ್ ಅದ್ದಿದ ಬಿಳಿ ಅರಿವೆಯಿಂದ ಒಂದೇ ದಿಕ್ಕಿಗೆ ಒರೆಸಿ. ಅರಿವೆ ಹಳದಿಯಾದರೆ ಹಂತ 4ಕ್ಕೆ ಹಿಂದಿರುಗಿ. ಇಲ್ಲಿಂದ ಮುಂದೆ ಬರಿಗೈ ಕಟ್ಟೆಗೆ ತಾಗಬಾರದು.

## ಹಂತ 7: ಕಲಸುವುದು, ಪ್ರೈಮರ್ ಹಚ್ಚುವುದು

ರೆಸಿನ್ ಮತ್ತು ಹಾರ್ಡನರ್ ಎಷ್ಟಕ್ಕೆ ಎಷ್ಟು ಎಂಬುದು ಡಬ್ಬಿಯ ಮೇಲಿರುತ್ತದೆ. ಅದು ಅಳತೆಯ ಪ್ರಮಾಣವೋ ತೂಕದ ಪ್ರಮಾಣವೋ ಎಂದು ಸರಿಯಾಗಿ ಓದಿಕೊಳ್ಳಿ. ಸೂಜಿಯಿಲ್ಲದ 50 ಮಿಲಿ ಸಿರಿಂಜ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಪ್ರತಿ ಭಾಗಕ್ಕೂ ಬೇರೆ ಸಿರಿಂಜ್ ಇರಲಿ. "ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕ್ರಿ, ಲಗೂನ ಒಣಗ್ತೈತಿ" ಎಂಬ ಮಾತನ್ನು ಕೇಳಬೇಡಿ. ಹೆಚ್ಚಾದ ಹಾರ್ಡನರಿಗೆ ಸೇರಿಕೊಳ್ಳಲು ರೆಸಿನ್ ಇರುವುದಿಲ್ಲ, ಬಣ್ಣ ಅಂಟಂಟಾಗೇ ಉಳಿಯುತ್ತದೆ.

ಒಮ್ಮೆಗೆ 150 ಮಿಲಿಗಿಂತ ಹೆಚ್ಚು ಕಲಸಬೇಡಿ. ಬದಿ, ತಳ ಕೆರೆಯುತ್ತ ಮೂರು ನಿಮಿಷ ಕಲಸಿ. ಕಲಸಿದ ಎಪಾಕ್ಸಿ ಡಬ್ಬಿಯಲ್ಲೇ ನಿಂತರೆ ತನ್ನಷ್ಟಕ್ಕೆ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ. ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ತೆಳು ಪ್ಲಾಸ್ಟಿಕ್ ಕಪ್ ಬೇಡ, ಥಿನ್ನರಿಗೆ ಕರಗುತ್ತದೆ.

ಸಂದಿ, ಮೂಲೆ, ನಳದ ಬುಡಕ್ಕೆ ಮೊದಲು ಬ್ರಷ್. ಆಮೇಲೆ ಒಳಗಿನ ಗೋಡೆಯ ಕಡೆಯಿಂದ ನಿಮ್ಮ ಕಡೆಗೆ ರೋಲರ್ ತನ್ನಿ. ಪ್ರೈಮರ್ ತೆಳುವಾಗಿರಲಿ, ಕೆಳಗಿನ ಬಣ್ಣ ಅಲ್ಲಲ್ಲಿ ಮಸುಕಾಗಿ ಕಂಡರೂ ಚಿಂತೆಯಿಲ್ಲ. ಫ್ಯಾನ್ ಬೇಡ, ಧೂಳು ಎಬ್ಬಿಸುತ್ತದೆ, ಕಿಟಕಿ ಬಾಗಿಲು ತೆರೆದಿರಲಿ. ಸಂಜೆ ದೀಪ ಆರಿಸಿ, ಇಲ್ಲದಿದ್ದರೆ ಹುಳುಗಳೆಲ್ಲ ಹಸಿ ಬಣ್ಣಕ್ಕೆ ಬೀಳುತ್ತವೆ.

ಮರುದಿನ ಮೂಲೆಯೊಂದರಲ್ಲಿ ಬ್ಲೇಡಿನಿಂದ ಅಡ್ಡ, ಉದ್ದ ನಾಲ್ಕು ನಾಲ್ಕು ಗೆರೆ ಎಳೆದು, ಅದರ ಮೇಲೆ ಗಟ್ಟಿ ಟೇಪ್ ಒತ್ತಿ ಒಮ್ಮೆಲೇ ಕೀಳಿ. ಚೌಕಗಳು ಟೇಪಿಗೆ ಬಂದರೆ ಈಗಲೇ ಕೆರೆದು ಮತ್ತೆ ಶುರು ಮಾಡಿ. ನಷ್ಟ ಬರೀ 300 ಮಿಲಿ ಪ್ರೈಮರಿನದು.

## ಹಂತ 8: ಬಣ್ಣ

ಬಿಳಿ ಬಣ್ಣಕ್ಕೆ ಅರಿಶಿನದ ಕಲೆ ಎದ್ದು ಕಾಣುತ್ತದೆ. ಕಪ್ಪಿನ ಮೇಲೆ ಜೋಳದ ಹಿಟ್ಟು, ಬೋರ್ ನೀರಿನ ಬಿಳಿ ಗುರುತು ಎರಡೂ ಕಾಣುತ್ತವೆ. ನಡುವಿನ ಬೂದು, ಅಥವಾ ಬೂದಿನ ಮೇಲೆ ಎರಡು ಬಣ್ಣದ ಚುಕ್ಕೆ, ದಿನಬಳಕೆಗೆ ಎಲ್ಲಕ್ಕಿಂತ ಸರಿ.

ಪ್ರೈಮರ್ ಮೇಲೆ 220 ಪೇಪರ್ ಹಗುರವಾಗಿ ಆಡಿಸಿ, ಒರೆಸಿ, ಮೊದಲ ಕೋಟ್ ಹಚ್ಚಿ. ಡಬ್ಬಿಯಲ್ಲಿ ಹೇಳಿದ ಹೊತ್ತು, ಸಾಮಾನ್ಯವಾಗಿ 8ರಿಂದ 24 ಗಂಟೆಯೊಳಗೆ, ಎರಡನೆಯದು. ಆ ಹೊತ್ತು ಮೀರಿದರೆ ಮತ್ತೆ ಉಜ್ಜದೆ ಹಚ್ಚಬೇಡಿ. ಬೆಳಗಾವಿಯ ತೇವದಲ್ಲಿ ಒಣಗಿದ ಎಪಾಕ್ಸಿಯ ಮೇಲೆ ಮೇಣದಂಥ ಬಿಳಿ ಪೊರೆ ಬಂದರೆ ಅದನ್ನು ಉಜ್ಜಲು ಹೋಗಬೇಡಿ, ಪೇಪರಿಗೆ ಮೆತ್ತಿಕೊಳ್ಳುತ್ತದೆ. ಮೊದಲು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒಣಗಿಸಿ, ಆಮೇಲೆ ಉಜ್ಜಿ.

ಕಲ್ಲಿನ ನಮೂನೆ ಬೇಕಿದ್ದರೆ ಎರಡನೇ ಕೋಟ್ ಒಣಗಿದ ಮೇಲೆ ಅದೇ ಎಪಾಕ್ಸಿಯ ಬೇರೆ ಬಣ್ಣವನ್ನು ಹರಿದ ಸ್ಪಂಜಿನ ತುದಿಗೆ ತಾಗಿಸಿ, ಹಳೆ ಪೇಪರಿಗೆ ಒತ್ತಿ ಹೆಚ್ಚಿನದನ್ನು ತೆಗೆದು, ಕೈ ತಿರುಗಿಸುತ್ತ ಒತ್ತಿ. ಕಡಿಮೆ ಒತ್ತಿದಷ್ಟು ಚೆಂದ.

## ಹಂತ 9: ಪಿಯು ಕ್ಲಿಯರ್

ಎಪಾಕ್ಸಿ ಕಿಟಕಿಯ ಬಿಸಿಲಿಗೆ ಹಳದಿಯಾಗುತ್ತದೆ, ಗೀರು ಬೀಳುತ್ತದೆ. ಎರಡಕ್ಕೂ ತಡೆ ಈ ಪದರ. 320 ಪೇಪರ್ ಉಜ್ಜಿ, ಒರೆಸಿ, ತೆಳ್ಳಗೆ ಎರಡು ಕೋಟ್. ಪಿಯುಗೆ ಸಾದಾ ಥಿನ್ನರ್ ಅಥವಾ ಸ್ಪಿರಿಟ್ ಹಾಕಿದರೆ ಹಾರ್ಡನರ್ ಅದರೊಡನೆ ಸೇರಿ ಕೆಡುತ್ತದೆ, ಪಿಯು ಥಿನ್ನರನ್ನೇ ಬಳಸಿ. ನೀರಿನ ಪಸೆಯಿದ್ದರೆ ಸೂಜಿಮೊನೆಯಂಥ ಗುಳ್ಳೆ ಏಳುತ್ತವೆ, ಆದ್ದರಿಂದ ನೆಲ ಒರೆಸಿದ ಕೂಡಲೇ ಹಚ್ಚಬೇಡಿ.

ಪಿಯು ಹಾರ್ಡನರಿನಲ್ಲಿರುವ ಐಸೋಸಯನೇಟ್ ಉಸಿರಿಗೆ ಅಪಾಯ, ಉಬ್ಬಸ ತರಬಲ್ಲದು. ಉಬ್ಬಸ ಇರುವವರು ಈ ಕೆಲಸ ಮಾಡಲೇಬಾರದು. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ಎರಡು ದಿನ ಮನೆಯಲ್ಲಿ ಬೇಡ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಸ್ಪ್ರೇ ಮಾಡುವ ಯೋಚನೆ ಮನೆಯೊಳಗೆ ಬೇಡವೇ ಬೇಡ.

ಮೂರು ದಿನ ಏನೂ ಇಡಬೇಡಿ. ಆಮೇಲೆ ಒಲೆ ಇಡಬಹುದು, ಅದರ ಕಾಲಿಗೆ ರಬ್ಬರ್ ಇರಲಿ. ನೀರು ನಿಲ್ಲಿಸುವುದು, ಭಾರದ ಡಬ್ಬಿ ಎಳೆಯುವುದು ಏಳು ದಿನದ ಮೇಲೆ. ಸಿಂಕಿನ ಸುತ್ತ ಹೊಸ ಸಿಲಿಕೋನ್ ಕೂಡ ಆಗಲೇ. ಒಲೆಯಿಂದ ಇಳಿಸಿದ ಹಂಚು, ಕುಕ್ಕರ್ ಎಂದಿಗೂ ನೇರ ಕಟ್ಟೆಯ ಮೇಲೆ ಬೇಡ, ಕಬ್ಬಿಣದ ಸ್ಟ್ಯಾಂಡ್ ಅಥವಾ ಆ ಗ್ರಾನೈಟ್ ತುಂಡಿನ ಮೇಲೆ ಇಡಿ.

## ಕೆಟ್ಟ ಲಕ್ಷಣ, ಅದರ ಕಾರಣ

ಹಚ್ಚುವಾಗಲೇ ಬಣ್ಣ ದೂರ ಸರಿದು ಸಣ್ಣ ಕುಳಿ ಬಿದ್ದರೆ: ಅಲ್ಲಿ ಸಿಲಿಕೋನ್ ಅಥವಾ ಎಣ್ಣೆ ಇದೆ. ಮೇಲೆ ಮೇಲೆ ಹಚ್ಚಿದರೆ ಮುಚ್ಚುವುದಿಲ್ಲ. ಒರೆಸಿ ತೆಗೆದು ಆ ಜಾಗ ಮತ್ತೆ ಉಜ್ಜಿ.

ಎರಡು ದಿನವಾದರೂ ಬೆರಳು ಅಂಟಿದರೆ: ಪ್ರಮಾಣ ತಪ್ಪಿದೆ, ಅಥವಾ ತಳ ಕೆರೆದು ಕಲಸಿಲ್ಲ. ಕಾಯ್ದರೆ ಸರಿಹೋಗುವುದಿಲ್ಲ, ಪೂರ್ತಿ ಕೆರೆಯಬೇಕು.

ಹಾಳೆಯಂತೆ ದೊಡ್ಡದಾಗಿ ಎದ್ದರೆ: ಹಿಂಬದಿ ನೋಡಿ. ನುಣುಪಾಗಿದ್ದರೆ ಉಜ್ಜಿದ್ದು ಸಾಲದು. ಜಿಡ್ಡಾಗಿದ್ದರೆ ಎಣ್ಣೆ. ಬಿಳಿ ಪುಡಿ ಇದ್ದರೆ ಕೆಳಗಿನ ತೇವ ಉಪ್ಪನ್ನು ಹೊತ್ತು ತಂದಿದೆ.

ನಾಣ್ಯದಷ್ಟು ಜಾಗ ಮಾತ್ರ ಎದ್ದರೆ ಸುತ್ತ ಎರಡು ಇಂಚು 120 ಪೇಪರಿನಿಂದ ಇಳಿಜಾರಾಗಿ ಉಜ್ಜಿ, ಥಿನ್ನರ್ ಒರೆಸಿ, ಪ್ರೈಮರ್, ಬಣ್ಣ, ಕ್ಲಿಯರ್ ಅದೇ ಕ್ರಮದಲ್ಲಿ ಬ್ರಷ್‌ನಿಂದ ಹಚ್ಚಿ. ಇದಕ್ಕಾಗಿ ಉಳಿದ ಎಪಾಕ್ಸಿಯ ಎರಡೂ ಭಾಗಗಳನ್ನು ಕಲಸದೆ, ಮುಚ್ಚಳ ಬಿಗಿ ಮಾಡಿ ನೆರಳಲ್ಲಿಡಿ. ತೆರೆದ ಪಿಯು ಹಾರ್ಡನರ್ ಮಾತ್ರ ಗಾಳಿಯ ತೇವಕ್ಕೇ ಗಟ್ಟಿಯಾಗಿಬಿಡುತ್ತದೆ. ತಿದ್ದುವ ಹೊತ್ತಿಗೆ ಅದು ಮಸುಕಾಗಿದ್ದರೆ, ಗಂಟು ಗಂಟಾಗಿದ್ದರೆ ಬಳಸಬೇಡಿ, ಚಿಕ್ಕ ಪ್ಯಾಕ್ ಹೊಸದು ತನ್ನಿ.